ಎರಡನೆಯವರ ಒಪ್ಪಿಗೆ

ಮೂರು ಇಂಗ್ಲಿಷ್ ಅಕ್ಷರಗಳು, ಅಷ್ಟು ಮಾತ್ರ ಓಬಳೇಶನಿಗೆ ಖಚಿತವಾಗಿತ್ತು. ಬರೆದ ಸುದ್ದಿಯನ್ನು ಒಳಗಿಟ್ಟುಕೊಂಡು, ಚಿತ್ರ ಜೋಡಿಸಿಕೊಂಡು, ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ಜಾಲತಾಣದ ಮೇಲೆ ತಂದು ನಿಲ್ಲಿಸುವ ತಂತ್ರಾಂಶಕ್ಕೆ ಮೂರು ಅಕ್ಷರದ ಹೆಸರೊಂದಿದೆ. ಎದುರಿಗೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತ ಮಾರುತೇಶ ಬಂದಾಗಿನಿಂದ ಅದನ್ನೇ ಹೇಳುತ್ತಿದ್ದ. ಹೇಳಿದಾಗ ಕೇಳಿಸುತ್ತಿತ್ತು, ಕೇಳಿಸಿದ್ದನ್ನು ಹಿಡಿದುಕೊಳ್ಳಬೇಕು ಅನ್ನುವಷ್ಟರಲ್ಲಿ ಅದು ಅಲ್ಲಿರುತ್ತಿರಲಿಲ್ಲ. ಕೆಳಗಿನ ಎಣ್ಣೆ ಅಂಗಡಿಯಿಂದ ಶೇಂಗಾ ಹಿಂಡಿಯ ವಾಸನೆ ಮೆಟ್ಟಿಲು ಹತ್ತಿ ಬಂದು ಕೋಣೆಯಲ್ಲಿ ತುಂಬಿತ್ತು. ಭಾನುವಾರ, ಪಾವಗಡ ರಸ್ತೆ ಅರ್ಧ ಮುಚ್ಚಿತ್ತು. ವಾಸನೆಗೆ ಹೆಸರು ಬೇಕಾಗಿರಲಿಲ್ಲ, ಅದು ನೇರವಾಗಿ ಬರುತ್ತಿತ್ತು. ಬಿಸಿಲು, ಹಸಿವು, ನಾಚಿಕೆ, ಇವೂ ಹಾಗೆಯೇ. ಹೆಸರು ಬೇಕಾದವು ಮಾತ್ರ ಅವನನ್ನು ಬಿಟ್ಟುಹೋಗಿದ್ದವು. ಹೋದ ವರ್ಷ ಯುಗಾದಿ ಆದಮೇಲೆ ಲಕ್ವ ಹೊಡೆದಾಗ ಬಲಗೈ ಹೋಗಿದ್ದಕ್ಕೆ ಅವನು ಅಷ್ಟು ಹೆದರಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನು ತೋರಿಸಿ ಇದೇನು ಎಂದು ಕೇಳಿದಾಗ, ಇಪ್ಪತ್ತು ವರ್ಷ ಅದನ್ನೇ ಹಿಡಿದು ಬದುಕಿದವನು, ತನ್ನ ಬಾಯಿಂದ ‘ಎಮ್ಮೆ’ ಅನ್ನುವ ಮಾತು ಬಿದ್ದದ್ದನ್ನು ಕೇಳಿಸಿಕೊಂಡು ಹೆದರಿದ. ಅದು ತಪ್ಪು ಎಂದು ಅವನಿಗೆ ಆ ಕ್ಷಣವೇ ತಿಳಿದಿತ್ತು. ತಿಳಿದಿತ್ತು ಎಂದು ಹೇಳುವುದಕ್ಕೂ ಮಾತೇ ಬೇಕಿತ್ತು.

ಹೆಂಡತಿ ಸ್ವಪ್ನ ಕುರ್ಚಿಯನ್ನು ಎಳೆದು ಲ್ಯಾಪ್‌ಟಾಪು ಅವನ ಎಡಗಡೆಗೆ ಬರುವಂತೆ ಕೂರಿಸಿದ್ದಳು. ಬಲಗಡೆ ಇಟ್ಟದ್ದು ಅವನ ಕಣ್ಣಿಗೆ ಬೀಳುವುದಿಲ್ಲ ಎಂದು ಡಾಕ್ಟರಿಗಿಂತ ಮೊದಲು ಕಂಡುಹಿಡಿದವಳು ಅವಳು, ತಟ್ಟೆಯಲ್ಲಿ ಬಲಗಡೆಯ ಪಲ್ಯ ಹಾಗೇ ಉಳಿಯುವುದನ್ನು ನೋಡಿ. ತನ್ನ ಶಾಲೆಯ ಮಕ್ಕಳಿಗೆ ಸ್ಲೇಟು ಸರಿಮಾಡಿ ಕೊಡುವಂತೆಯೇ ಅವಳು ಇದನ್ನೂ ಮಾಡುತ್ತಿದ್ದಳು, ಸದ್ದಿಲ್ಲದೆ, ಯಾರಿಗೂ ಗೊತ್ತಾಗದ ಹಾಗೆ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಹನುಮಣ್ಣ ಎಲೆಗೆ ಸುಣ್ಣ ಸವರುತ್ತಿದ್ದ. ಮೊಳಕಾಲ್ಮುರಿನಿಂದ ಜಾಹೀರಾತು ತರುವುದು, ಅಲ್ಲಿನ ಸುದ್ದಿ ಕೊಡುವುದು ಅವನ ಕೆಲಸ. ಓಬಳೇಶನಿಗಿಂತ ಹಿರಿಯ, ಮೊದಲಿನಿಂದ ಜೊತೆಗಿದ್ದವನು. ಮಾರುತೇಶ ಮೊಳಕಾಲ್ಮುರಿನವನೇ, ರೇಷ್ಮೆ ಸೀರೆ ಅಂಗಡಿಗಳಿಗೆ, ಎರಡು ಖಾಸಗಿ ಶಾಲೆಗಳಿಗೆ ಜಾಲತಾಣ ಕಟ್ಟಿಕೊಟ್ಟವನು. ಯಾರು ಕೆಲಸಕ್ಕೆ ಕರೆದರೂ ತಾನು ಮೊದಲು ಕೇಳುವ ಪ್ರಶ್ನೆ ಒಂದೇ ಎಂದು ಅವನು ಬಂದ ಕೂಡಲೇ ಹೇಳಿದ್ದ. ಕಟ್ಟಿಕೊಟ್ಟು ನಾನು ಹೋಗ್ತೀನಿ, ಆಮೇಲೆ ದಿನಾ ಇದನ್ನ ನಡೆಸೋರು ಯಾರು? ಅದರ ಮೇಲೆ ಯಾವ ತಂತ್ರಾಂಶ ಅನ್ನೋದು ನಿಂತೈತೆ ಅಂದಿದ್ದ. ಸ್ವಪ್ನ ಫ್ಯಾನಿನ ವೇಗ ಹೆಚ್ಚಿಸಲು ಎದ್ದಳು.

‘ಚಿನ್ನಹಗರಿ’ ಎರಡು ತಾಲ್ಲೂಕಿನ ಸುದ್ದಿಯ ತಾಣ. ಚಳ್ಳಕೆರೆಯಿಂದ ಚಿತ್ರದುರ್ಗದ ದಿನಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಓಬಳೇಶ, ಆ ಪತ್ರಿಕೆ ನಿಂತ ಮೇಲೆ ತಾನೇ ಶುರು ಮಾಡಿದ್ದು. ಶೇಂಗಾ ಧಾರಣೆ, ಕುರಿ ಸಂತೆ, ಪಂಚಾಯಿತಿ ಜಗಳ ಎಲ್ಲ ಅದರಲ್ಲಿ ಇರುತ್ತಿತ್ತು. ಆದರೆ ಜನ ಮೊದಲು ತೆರೆಯುತ್ತಿದ್ದುದು ನಿಧನದ ಪುಟ. ಕುರಿ ಹೊಡೆದುಕೊಂಡು ಆಂಧ್ರದ ಗಡಿ ದಾಟಿ ಹೋದವರು, ಗಾರೆ ಕೆಲಸಕ್ಕೆ ಹೋದವರು, ಅಲ್ಲಲ್ಲಿಯೇ ಫೋನಿನಲ್ಲಿ ಅದನ್ನು ನೋಡಿ ಹೊತ್ತು ಮುಳುಗುವುದರೊಳಗೆ ಮಣ್ಣಿಗೆ ಬಂದು ಮುಟ್ಟುತ್ತಿದ್ದರು. ಹಳೆಯ ಪತ್ರಿಕೆಯಲ್ಲಿ ಅವನಿಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು, ಮದುವೆ ತಪ್ಪು ಹಾಕಿದರೆ ಜನ ಬೈತಾರೆ, ಸಾವು ತಪ್ಪು ಹಾಕಿದರೆ ಬೈಯಲ್ಲ, ಬರ್ತಾರೆ ಎಂದು. ಆದ್ದರಿಂದ ಸಾವಿನ ಸುದ್ದಿಗೆ ಎರಡು ಬಾಯಿ ಬೇಕು. ಒಬ್ಬರು ಹೇಳಿದ್ದನ್ನು ಬರೆದು ಕರಡಾಗಿ ಇಟ್ಟುಕೊಳ್ಳುವುದು, ಎರಡನೆಯವರು ಹೌದು ಅಂದ ಮೇಲೆ ಬಿಡುವುದು. ಓಬಳೇಶ ಇದನ್ನು ಒಂದು ಸಲವೂ ಮೀರಿರಲಿಲ್ಲ. ಮೀರಿದಾಗಲೂ ಮೀರಿದ್ದು ಅವನಲ್ಲ, ಅವನ ಬೆರಳು ಎಂದು ಸ್ವಪ್ನ ಹೇಳುತ್ತಾಳೆ. ಬೆರಳು ಬೇರೆ ತಾನು ಬೇರೆ ಎನ್ನುವ ಈ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ವರದಿಗಾರನಾಗಿ ಅವನಿಗೆ ಗೊತ್ತು.

ಮಾರುತೇಶ ತೋರಿಸಿದ ಎರಡು ತಂತ್ರಾಂಶಗಳಿಗೂ ಇಂಗ್ಲಿಷ್ ಹೆಸರುಗಳಿದ್ದವು. ಓಬಳೇಶ ಮನಸ್ಸಿನಲ್ಲಿ ಒಂದನ್ನು ಬಿಳಿ ಪುಟದ್ದು ಅಂದುಕೊಂಡ, ಇನ್ನೊಂದನ್ನು ಕಪ್ಪು ಪಟ್ಟಿಯದು. ಬಿಳಿಯದರಲ್ಲಿ ಖಾಲಿ ಹಾಳೆಯಂಥ ಪುಟ, ಕೆಳಗೆ ಅಂಗೈಯಗಲ ಹಸಿರು ಗುಂಡಿ, ಬೇರೇನೂ ಇಲ್ಲ. ಬರೆಯುವುದು, ಒತ್ತುವುದು. ಒಳಗೆ ಬಂದವರೆಲ್ಲ ಒಂದೇ, ಮೇಲು ಕೆಳಗು ಇಲ್ಲ. ಕಪ್ಪಿನದರಲ್ಲಿ ಎಡಗಡೆಗೆ ಕಪ್ಪು ಪಟ್ಟಿ, ಅದರ ತುಂಬ ಸಾಲುಸಾಲು ಹೆಸರು. ಯಾರು ಬರೆಯಬಹುದು, ಯಾರು ತಿದ್ದಬಹುದು, ಯಾರು ಪ್ರಕಟಿಸಬಹುದು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಅಧಿಕಾರ. ಕೆಳಗಿನವರು ಬರೆದದ್ದು ಮೇಲಿನವರು ಒಪ್ಪುವ ತನಕ ಹೊರಗೆ ಕಾಣುವುದಿಲ್ಲ. ಸ್ವಪ್ನಳಿಗೆ ಬಿಳಿಯದು ಹಿಡಿಸಿತ್ತು. ಇವರು ಒಬ್ಬರೇ ಕೂತು ಹಾಕಬಹುದು, ಯಾರನ್ನೂ ಕರೆಯೋದು ಬೇಡ ಎಂದಳು. ಹನುಮಣ್ಣ ಎಲೆ ಬಾಯಿಗಿಟ್ಟುಕೊಂಡು, ಅದೇ ಕಣಮ್ಮ ಬೇಡ ಅನ್ನೋದು ಎಂದ. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಇರಬೇಕು, ಪೇಪರ್ ಅಂದ್ಮೇಲೆ ಅಷ್ಟಿಲ್ದೆ ಆಗ್ತೈತಾ ಎಂದ. ಮಾತು ಸ್ವಪ್ನಳಿಗೆ ಆಡಿದ್ದಾದರೂ ನೋಟ ಓಬಳೇಶನ ಮೊಣಕಾಲಿನ ಮೇಲಿತ್ತು. ಕಾಯಿಲೆ ಬಿದ್ದಮೇಲೆ ಹನುಮಣ್ಣ ಅವನ ಮುಖ ನೋಡಿ ಮಾತಾಡಿದ್ದೇ ಇಲ್ಲ. ಎಲ್ಲರೂ ಹಾಗೆಯೇ. ಮೊಣಕಾಲು, ಭುಜ, ಕುರ್ಚಿಯ ಹಿಡಿ. ಮಾರುತೇಶನಾದರೋ ಮುಖ ನೋಡುತ್ತಿದ್ದ, ಆದರೆ ಕಿವುಡನಿಗೆ ಹೇಳುವಂತೆ ಗಂಟಲೇರಿಸಿ, ಒಂದೊಂದೇ ಅಕ್ಷರ ಬಿಡಿಸಿ, “ಅಣ್ಣಾ, ಇಲ್ಲಿ, ನಿಮ್ಮ, ಊರ ಹೆಸರು ಹೊಡೀರಿ ನೋಡಾನ” ಎಂದ.

ಓಬಳೇಶ ಎಡಗೈ ತೋರುಬೆರಳಿನಿಂದ ಚ ಹುಡುಕಿದ. ಚ ಎಲ್ಲಿರುತ್ತದೆ ಎಂದು ಯೋಚಿಸಿದರೆ ಸಿಗುವುದಿಲ್ಲ, ಯೋಚಿಸದಿದ್ದರೆ ಬೆರಳು ಹೋಗುತ್ತದೆ. ಆದರೆ ಮೂರು ಜನ ನೋಡುತ್ತಿರುವಾಗ ಯೋಚಿಸದೆ ಇರುವುದು ಹೇಗೆ. ಚಳ್ಳ ಎಂದು ಬಂತು. ಕೆ ಬಂತು. ಆಮೇಲೆ ಬೆರಳು ನಿಂತಿತು. ಸ್ವಪ್ನ ಉಸಿರು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು. ತಾನು ಈ ಊರಿನ ಹೆಸರನ್ನು ಎಷ್ಟು ಸಾವಿರ ಸಲ ಸುದ್ದಿಯ ಮೊದಲ ಸಾಲಿನಲ್ಲಿ ಇಟ್ಟಿದ್ದೇನೆ ಎಂದು ಅವನು ಯೋಚಿಸಿದ. ಚಳ್ಳಕೆರೆ, ಅಡ್ಡಗೆರೆ, ಆಮೇಲೆ ಸುದ್ದಿ. ರೆ ಸಿಕ್ಕಿತು. ಮಾರುತೇಶ, “ಸೂಪರ್ ಅಣ್ಣ” ಎಂದು ಚಪ್ಪಾಳೆ ತಟ್ಟಿದ. ಸ್ವಪ್ನ ನಕ್ಕಳು, ಕಣ್ಣು ತುಂಬಿಕೊಂಡಿದ್ದವು. ಓಬಳೇಶನಿಗೆ ಎದ್ದು ಮೆಟ್ಟಿಲಿಳಿದು ಅಂಗಡಿಯ ಹಿಂಡಿ ಚೀಲಗಳ ಸಂದಿಯಲ್ಲಿ ಹೋಗಿ ನಿಲ್ಲಬೇಕೆನಿಸಿತು. ನಲವತ್ತಾರು ವರ್ಷದ ಗಂಡಸಿಗೆ ತನ್ನ ಊರಿನ ಹೆಸರು ಬರೆದದ್ದಕ್ಕೆ ಚಪ್ಪಾಳೆ.

ಪಾತಣ್ಣ ಮಾವ ಚಪ್ಪಾಳೆ ತಟ್ಟುತ್ತಿರಲಿಲ್ಲ, ಬೈಯುತ್ತಿದ್ದ. ಸಿದ್ದಾಪುರದ ಹಟ್ಟಿಯಲ್ಲಿ, ಬಂಡೆಗಳ ನಡುವೆ ಮೇಕೆ ಅಟ್ಟಿಕೊಂಡು ಬದುಕಿದ ಅವ್ವನ ಅಣ್ಣ. ಓಬಳೇಶ ಲಕ್ವ ಹೊಡೆಸಿಕೊಂಡು ಮಲಗಿದ್ದಾಗ ಬಂದು, ಮಂಚದ ತುದಿಯಲ್ಲಿ ಕೂತು, ಏಮ್ ಅಲ್ಲುಡಾ ಎಂದು ತೆಲುಗಿನಲ್ಲೇ ಅಳಿಯನನ್ನು ಕರೆದು, ಊರೋರ ಸುದ್ದಿ ಎಲ್ಲಾ ಬರೆದು ನಿನ್ನ ಮಾತೇ ಖಾಲಿ ಆಯ್ತಾ ಅಂದಿದ್ದ. ಸ್ವಪ್ನಳ ಮುಖ ಕೆಂಪಾಯಿತು. ಓಬಳೇಶನಿಗೆ ಆವತ್ತು ಕಾಯಿಲೆ ಬಂದಮೇಲೆ ಮೊದಲ ಸಲ ನಗು ಬಂದಿತ್ತು. ಅಂಥ ಮಾವನಿಗೆ ಮಾಘದಲ್ಲಿ ಉಬ್ಬಸ ಹೆಚ್ಚಾಗಿ ಚಿತ್ರದುರ್ಗಕ್ಕೆ ಸೇರಿಸಿದರು. ಒಂದು ಮಧ್ಯಾಹ್ನ ಹನುಮಣ್ಣ ಮೊಳಕಾಲ್ಮುರು ಬಸ್ ನಿಲ್ದಾಣದಿಂದ ಫೋನ್ ಮಾಡಿ, ಆಂಬ್ಯುಲೆನ್ಸಿನಾಗೆ ಹಟ್ಟಿಗೆ ತಂದ್ರಂತೆ, ಮುಗೀತಂತೆ ಕಣಲೇ ಎಂದ. ಒಂದು ಬಾಯಿ. ಓಬಳೇಶ ಎಡಗೈಯಲ್ಲಿ ಬರೆದ. ಮಾವನ ಚಿತ್ರ ಜೋಡಿಸಿದ. ಕರಡಾಗಿ ಇಡಬೇಕಿತ್ತು. ಇಂಗ್ಲಿಷ್ ಅಕ್ಷರಗಳು ಅವನಿಗೆ ಆಗ ಇರುವೆ ಸಾಲಿನಂತೆ ಕಾಣುತ್ತಿದ್ದವು, ಗುಂಡಿಗಳನ್ನು ಅವನು ಗುರುತಿಸುತ್ತಿದ್ದುದು ಜಾಗದಿಂದ. ಹಳೆಯ ತಂತ್ರಾಂಶವನ್ನು ಹಿಂದಿನ ವಾರ ಹೊಸದು ಮಾಡಿದ್ದರು, ಗುಂಡಿಗಳ ಜಾಗ ಅದಲುಬದಲಾಗಿತ್ತು. ಬೆರಳು ಎಂದಿನ ಜಾಗಕ್ಕೆ ಹೋಯಿತು, ಒತ್ತಿತು. ನಡೆದದ್ದು ಇಷ್ಟೇ. ಇದರಲ್ಲಿ ಯಾವ ದುರುದ್ದೇಶವೂ ಇಲ್ಲ, ಯಾವ ದೈವವೂ ಇಲ್ಲ. ವರದಿ ಬರೆದರೆ ನಾಲ್ಕು ಸಾಲಿಗೆ ಮುಗಿಯುತ್ತದೆ.

ಆಂಬ್ಯುಲೆನ್ಸು ಕರೆತಂದದ್ದು ಉಸಿರಿದ್ದ ಮಾವನನ್ನು. ಬಿ.ಜಿ. ಕೆರೆಯಲ್ಲಿ ಓಬಳೇಶನ ತಮ್ಮ ಲೋಹಿತನ ಮನೆಯಲ್ಲಿರುವ ಅವ್ವ ಜಯಕ್ಕ, ಪಕ್ಕದ ಮನೆಯ ನಿಂಗಕ್ಕನ ಫೋನಿನಲ್ಲಿ ಅದನ್ನು ನೋಡಿದಳು. ನನ್ನ ಮಗನ ಪೇಪರಿನಾಗೆ ಬಂದೈತೆ ಅಂದಳಂತೆ. ಬೇರೆ ಯಾರನ್ನೂ ಕೇಳಲಿಲ್ಲ. ತಲೆಗೆ ನೀರು ಹಾಕಿಕೊಂಡು, ಅಣ್ಣನ ಮೇಲೆ ಹೊದಿಸುವುದಕ್ಕೆ ಹೊಸ ಪಂಚೆ ತಗೊಂಡು, ಹೂವಿನ ಹಾರ ಹಿಡಿದು, ಗೂಡ್ಸ್ ಆಟೋ ಹತ್ತಿ, ಹಟ್ಟಿಯ ಬಾಯಿಂದಲೇ ಹಾಡಿಕೊಂಡು ಅಳುತ್ತ ಹೋದಳು. ಒಡಹುಟ್ಟಿದವಳ ಬಟ್ಟೆ ಬೀಳದೆ ಆ ಹಟ್ಟಿಯಲ್ಲಿ ಹೆಣ ಎತ್ತುವುದಿಲ್ಲ, ಅದಕ್ಕೇ ಅವಳಿಗೆ ಅವಸರ. ಜಗಲಿಯ ಮೇಲೆ ಗೋಡೆಗೊರಗಿ ಕೂತು ಗಂಜಿ ಕುಡಿಯುತ್ತಿದ್ದ ಪಾತಣ್ಣ ತಂಗಿಯನ್ನು ನೋಡಿದ, ಹಾರವನ್ನು ನೋಡಿದ. ಆಮೇಲೆ ಪಂಚೆಗೆ ಕೈ ಚಾಚಿ, ಕೊಡು ಇಲ್ಲಿ, ಸತ್ತಮೇಲೆ ಉಟ್ಟು ಯಾರಿಗೆ ತೋರಿಸ್ಲಿ ಎಂದು ಅಲ್ಲೇ ಉಟ್ಟುಕೊಂಡ. ಹಟ್ಟಿಯ ಹಿರಿಯರು ಮಾತ್ರ ನಗಲಿಲ್ಲ. ಸತ್ತವನಿಗೆ ತಂದ ಬಟ್ಟೆ ವಾಪಸ್ಸು ಒಯ್ಯುವ ಹಾಗಿಲ್ಲ, ಬದುಕಿದ್ದವನು ಉಡುವ ಹಾಗೂ ಇಲ್ಲ ಎಂದು ಅವರವರಲ್ಲೇ ಮಾತಾಡಿಕೊಂಡರು. ಸಂಜೆ ಮಾವನೇ ತನ್ನ ಮಗ ಗಾದ್ರಪ್ಪನ ಫೋನಿನಿಂದ ಓಬಳೇಶನಿಗೆ ಮಾತಾಡಿದ. ಉಸಿರಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ, “ಏಮ್ ಅಲ್ಲುಡಾ, ನನ್ನ ಸಾಯಿಸಿಬಿಟ್ಟೆಯಂತೆ. ಆಗ್ಲಿ. ಫೋಟೋನಾರ ಚೆನ್ನಾಗಿರೋದು ಹಾಕಬಾರ್ದಿತ್ತಾ” ಎಂದ.

“ಅಣ್ಣಾ, ನೋಡ್ತಾ ಇದೀರಾ?” ಮಾರುತೇಶ ಕೇಳಿದ. ಓಬಳೇಶ ತಲೆಯಾಡಿಸಿದ. ಪರದೆಯ ಮೇಲೆ ಈಗ ಕಪ್ಪು ಪಟ್ಟಿ. ಹದಿನೈದು ವರ್ಷದ ಹಳೆಯ ಸುದ್ದಿಗಳನ್ನೆಲ್ಲ ಈ ಎರಡನೆಯದರೊಳಗೆ ಹಾಗೇ ತರಬಹುದು, ಬಿಳಿಯದರಲ್ಲಿ ಆಗುವುದಿಲ್ಲ, ಅಲ್ಲಿ ಇವತ್ತಿನಿಂದಲೇ ಶುರು ಮಾಡಬೇಕು ಎಂದು ಮಾರುತೇಶ ಸ್ವಪ್ನಳಿಗೆ ವಿವರಿಸುತ್ತಿದ್ದ. ಅದೂ ಅಲ್ಲದೆ ಅಣ್ಣನಿಗೋಸ್ಕರ ಎಲ್ಲ ಗುಂಡಿಗಳ ಹೆಸರನ್ನೂ ಕನ್ನಡಕ್ಕೆ ತಂದಿದ್ದೇನೆ ಎಂದ. ಹಳೆಯ ಸುದ್ದಿಗಳು ಹೋಗುವುದು ಸ್ವಪ್ನಳಿಗೆ ಬೇಡ. ರಾತ್ರಿ ಅಡುಗೆ ಮುಗಿಸಿ ಒಂದೊಂದನ್ನೇ ಅವನಿಗೆ ಓದಿ ಹೇಳುವವಳು ಅವಳು. ಕುರಿ ಸಂತೆಯ ಗಲಾಟೆ, ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ಬೇಲಿ ಬಿದ್ದಾಗ ಹಟ್ಟಿಯವರು ದನ ಹೊಡೆದುಕೊಂಡು ಬಂದು ರಸ್ತೆಯಲ್ಲಿ ನಿಲ್ಲಿಸಿದ್ದು. ಎಷ್ಟು ಚೆನ್ನಾಗಿ ಬರೆದೀರಿ ನೋಡ್ರಿ ಎನ್ನುವಳು. ಅವನಿಗೆ ಅದು ಬೇರೆ ಯಾರೋ ಬರೆದದ್ದರಂತೆ ಕೇಳಿಸುತ್ತಿತ್ತು, ತೀರಿಕೊಂಡ ಗೆಳೆಯನೊಬ್ಬ ಬರೆದದ್ದರಂತೆ.

ಎರಡನೆಯ ಸಲ ಅವನು ತಪ್ಪಲಿಲ್ಲ. ಇದನ್ನು ಯಾರೂ ದಾಖಲು ಮಾಡಲಿಲ್ಲವಾದರೂ ಅವನಿಗೆ ಗೊತ್ತು. ಶಿವರಾತ್ರಿ ಕಳೆದಿತ್ತು. ಬೆಳಿಗ್ಗೆ ಹನುಮಣ್ಣ ಸಿದ್ದಾಪುರದಲ್ಲೇ ನಿಂತು, ಹೆಣ ಕಣ್ಣಾರೆ ಕಂಡು ಫೋನ್ ಮಾಡಿದ. ಅದರ ಹಿಂದೆಯೇ ಮಾವನ ಮಗ ಗಾದ್ರಪ್ಪ ಮಾಡಿದ. ಎರಡು ಬಾಯಿ. ಗಾದ್ರಪ್ಪ ಅಳುತ್ತಲೇ, ಲೋಹಿತನ ಫೋನು ಹೋಗ್ತಿಲ್ಲ ಭಾವ, ಕುರಿ ಹೊಡ್ಕೊಂಡು ರಾಯದುರ್ಗದ ಕಡೆ ಹೋಗ್ಯಾನೆ, ಅತ್ತೆಗೆ ನೀನೇ ಹೇಳಿಬಿಡು, ಬಟ್ಟೆ ತಗೊಂಡು ಬೇಗ ಬರ್ಲಿ ಎಂದು ಇಟ್ಟುಬಿಟ್ಟ. ಅಪ್ಪ ಸತ್ತ ದುಃಖದಲ್ಲಿ ಅವನಿಗೆ ಭಾವನ ಬಾಯಿ ಹೋಗಿರುವುದು ಮರೆತಿತ್ತು. ಸ್ವಪ್ನ ಪರೀಕ್ಷೆ ಕೆಲಸದಲ್ಲಿದ್ದಳು, ಮೇಷ್ಟರುಗಳ ಫೋನೆಲ್ಲ ಹೆಡ್‌ಮಾಸ್ಟರ ಬೀರುವಿನಲ್ಲಿ. ಓಬಳೇಶ ಒಬ್ಬನೇ ಈ ಕೋಣೆಯಲ್ಲಿ ಕೂತು, ಗುಂಡಿಗಳನ್ನು ಒಂದಕ್ಕೆರಡು ಸಲ ನೋಡಿ, ಸುದ್ದಿ ಬರೆದು ಪ್ರಕಟಿಸಿದ. ಒಂದಕ್ಷರ ತಪ್ಪಿರಲಿಲ್ಲ. ಅದರ ಕೆಳಗೆ ಜನ ಬರೆಯತೊಡಗಿದರು. ಎರಡನೇ ಸಲವಾ ಎಂದು ಒಬ್ಬ, ಅದರ ಪಕ್ಕ ನಗುವ ಮುಖಗಳು. ಮುಂದಿನ ವಾರ ಮೂರನೇ ಸಲ ಐತಾ ಎಂದು ಇನ್ನೊಬ್ಬ.

ಅವನು ನಿಂಗಕ್ಕನ ನಂಬರಿಗೆ ಫೋನ್ ಮಾಡಿದ. ಮಾಡುವುದಕ್ಕೆ ಮೊದಲು ಗೋಡೆಯ ಕಡೆ ತಿರುಗಿ, ಮಾವ ಹೋದ, ಮಾವ ಹೋದ ಎಂದು ಹೇಳಿ ನೋಡಿದ. ಗೋಡೆಗೆ ಸರಿಯಾಗಿ ಹೇಳಿದ. ನಿಂಗಕ್ಕ ಅವ್ವನ ಕೈಗೆ ಫೋನು ಕೊಟ್ಟಳು. ಮಗನೇ ಫೋನ್ ಮಾಡಿದ ಹಿಗ್ಗು ಅವ್ವನ ಧ್ವನಿಯಲ್ಲಿತ್ತು, ಏನಪ್ಪಾ, ಏನು ನನ್ನಪ್ಪಾ ಎನ್ನುತ್ತಿದ್ದಳು, ಕಾಯಿಲೆ ಬಿದ್ದಮೇಲೆ ಅವನು ತಾನಾಗಿ ಅವಳಿಗೆ ಮಾಡಿದ ಮೊದಲ ಫೋನು ಅದು. ಓಬಳೇಶನ ಬಾಯಿಂದ, “ಬಸ್ಸು” ಎಂದು ಬಂತು. ಅಲ್ಲ ಎಂದು ಅವನಿಗೆ ಗೊತ್ತಾಯಿತು. ನಿಲ್ಲಿಸಿ, ಉಸಿರು ತೆಗೆದುಕೊಂಡು, ಮಾವನ ಮುಖವನ್ನೇ ಕಣ್ಣ ಮುಂದೆ ತಂದುಕೊಂಡು ಹೇಳಿದ. “ಬಸ್ಸು. ಬಸ್ಸು ಬಂತು.” ಮತ್ತೆ ಹೇಳಿದ, ಮತ್ತೆ ಅದೇ. ಅವ್ವ, “ಬಾರಪ್ಪ, ಬಾ, ನಿಧಾನಕ್ಕೆ ಹತ್ತಿ ಬಾ” ಎಂದಳು. ಮಧ್ಯಾಹ್ನ ನಿಂಗಕ್ಕನ ಮೊಮ್ಮಗಳು ಸಾವಿನ ಸುದ್ದಿಯನ್ನು ತೋರಿಸಿದಾಗ, ಅದು ಹಳೇದು ಕಣೆ, ನನ್ನ ಮಗನೇ ಈಗ ಮಾತಾಡಿದ್ನಲ್ಲ, ಬಸ್ಸಿಗೆ ಬರ್ತಾನಂತೆ ಎಂದಳು. ಹುರುಳಿಕಾಳು ಸಾರು ಮಾಡಿ, ಮುದ್ದೆ ತಿರುವಿಟ್ಟು, ರಸ್ತೆಗೆ ಬಂದು ಬೇವಿನ ಮರದ ಕೆಳಗೆ ನಿಂತಳು. ಚಳ್ಳಕೆರೆ ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ ನೋಡಿದಳು. ಸಿದ್ದಾಪುರದಲ್ಲಿ ಹೆಣ ಇಟ್ಟುಕೊಂಡು ಅವಳ ದಾರಿ ಕಾದರು. ಹೊತ್ತು ಇಳಿದ ಮೇಲೆ ಹಿರಿಯರು ಕೂತು ಮಾತಾಡಿ, ಮೊದಲ ಸಲ ಅವಳು ತಂದ ಪಂಚೆಯನ್ನೇ ಒಗೆದು ಇಟ್ಟಿದ್ದನ್ನು ಹುಡುಕಿ ತೆಗೆದು, ಇದೂ ತಂಗಿಯದೇ ಅಲ್ವಾ ಎಂದು ಹೊದಿಸಿ ಮಣ್ಣು ಮಾಡಿದರು.

ಅವ್ವ ಬೈದಿದ್ದರೆ ಆಗುತ್ತಿತ್ತು. ಆ ವಾರ ಅವಳು ಚಳ್ಳಕೆರೆಗೆ ಬಂದಳು. ಮಗನ ಎದುರು ನೆಲದ ಮೇಲೆ ಕೂತು, ಅವನ ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ತಿಕ್ಕಿದಳು. ಆಮೇಲೆ, “ನೀನು ಹೇಳಿದ್ದೆ ಕಣಪ್ಪ. ನನಗೇ ತಿಳೀಲಿಲ್ಲ” ಎಂದಳು. ಅವನು ಹೇಳಿರಲಿಲ್ಲ. ಅದು ಸತ್ಯಕ್ಕೆ ವಿರುದ್ಧವಾದ ಮಾತು, ತಿದ್ದಬೇಕಾದ ಮಾತು. ತಿದ್ದಲು ಅವನು ಬಾಯಿ ತೆರೆದ, ಏನೋ ಬಂತು, ಅವಳು ತಲೆ ನೇವರಿಸಿ, ಆಯ್ತು ಆಯ್ತು ಅಂದಳು. ಅಣ್ಣನ ಮುಖ ಕಡೆಯದಾಗಿ ನೋಡದ ಹೆಂಗಸು, ನೋಡದಂತೆ ಮಾಡಿದವನನ್ನು ಸಮಾಧಾನ ಮಾಡುತ್ತಿದ್ದಳು. ಅವತ್ತೇ ಓಬಳೇಶ ಒಂದು ತೀರ್ಮಾನಕ್ಕೆ ಬಂದಿದ್ದ. ಬರೆಯುವುದನ್ನು ಬಿಡುವುದಲ್ಲ, ಅದು ಬಿಟ್ಟರೆ ಅವನಲ್ಲಿ ಉಳಿಯುವುದು ಮೊಣಕಾಲು, ಭುಜ, ಕುರ್ಚಿ. ಬರೆಯುವುದು ತಾನು, ಬಿಡುವುದು ಬೇರೆಯವರು. ತನ್ನನ್ನು ತಾನು ಒಂದು ಬಾಯಿ ಎಂದು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಇದು ಶಿಕ್ಷೆಯೂ ಅಲ್ಲ, ವೈರಾಗ್ಯವೂ ಅಲ್ಲ, ತಾನು ಇಷ್ಟು ವರ್ಷ ಪಾಲಿಸಿಕೊಂಡು ಬಂದ ನಿಯಮ. ಇದನ್ನು ಸ್ವಪ್ನಳಿಗೆ ತಿಳಿಸಲು ಅವನು ಎಷ್ಟೋ ದಿನದಿಂದ ಹೆಣಗುತ್ತಿದ್ದ. ಅವಳು ಕಾಗದ ಕೊಟ್ಟಳು, ಚಿತ್ರ ತೋರಿಸಿದಳು, ಹಸಿವಾ, ನೋವಾ, ಅವ್ವನ್ನ ನೋಡಬೇಕಾ ಎಂದು ಕೇಳಿದಳು. ಇದಕ್ಕೆ ಚಿತ್ರ ಇರಲಿಲ್ಲ.

ಆದ್ದರಿಂದ ಮಾರುತೇಶ ಕಪ್ಪು ಪಟ್ಟಿಯ ತಂತ್ರಾಂಶವನ್ನು ತೆರೆದು, ಇಲ್ಲಿ ಎರಡನೆಯವರು ಒಪ್ಪಿದ ಮೇಲೆಯೇ ಪ್ರಕಟ ಎಂದು ಹೇಳಿದಾಗ ಓಬಳೇಶನ ಎದೆ ಹೊಡೆದುಕೊಂಡಿತು. ತನ್ನ ಮಾತನ್ನು ಯಾರೋ ಯಂತ್ರವಾಗಿ ಕಟ್ಟಿ ತಂದು ಮುಂದಿಟ್ಟಿದ್ದರು. ಅವನು ಎಡಗೈ ಎತ್ತಿ ಪರದೆಯನ್ನು ಮುಟ್ಟಿದ. ಮಾರುತೇಶ, “ಅಣ್ಣಂಗೆ ಇದೇ ಖುಷಿ” ಎನ್ನುವಂತೆ ನಕ್ಕ. ಸ್ವಪ್ನ ಸ್ವಲ್ಪ ಹೊತ್ತು ಪರದೆ ನೋಡಿದಳು, ಗಂಡನನ್ನು ನೋಡಿದಳು, ಹಳೆಯ ಸುದ್ದಿಗಳೆಲ್ಲ ಇದರಲ್ಲೇ ಉಳಿಯುತ್ತವೆ ಎನ್ನುವುದನ್ನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಆಗಲಿ, ಇದೇ ಇರಲಿ ಎಂದಳು. ಹನುಮಣ್ಣ ಎದ್ದು ಹೋಗಿ ಕಿಟಕಿಯಿಂದ ಉಗುಳಿ ಬಂದು, ಹಂಗಾದ್ರೆ ಓಬಳೇಶಿ ಬರೀಲಿ, ನೀನು ನೋಡಿ ಬಿಡಮ್ಮ ಎಂದ. ಅದು ಸರಿಯಾದ ಮಾತು, ಓಬಳೇಶನದೇ ಮಾತು, ಆದರೆ ಬರಬಾರದ ಬಾಯಿಂದ ಬಂದಿತ್ತು. ಸ್ವಪ್ನಳ ಕತ್ತು ನೆಟ್ಟಗಾಯಿತು.

“ಮುಗೀತಂತೆ ಅಂತ ಮೊದಲು ಫೋನ್ ಮಾಡಿದ್ದು ಯಾರು ಹನುಮಣ್ಣ?” ಎಂದಳು. ಧ್ವನಿ ಏರಲಿಲ್ಲ. “ಇದು ಇವರು ಕಟ್ಟಿದ್ದು. ಇವರ ಕೈಯಾಗಿನ ಗುಂಡಿ ಕಿತ್ಕೊಳ್ಳಾಕೆ ನಾನು ಬಿಡಲ್ಲ. ಮಾರುತೇಶ, ಇವರ ಹೆಸರು ಎಲ್ಲರಿಗಿಂತ ಮೇಲೆ ಇರ್ಲಿ. ಸಂಪಾದಕ ಅಂತ ಹಾಕು.”

ಹನುಮಣ್ಣ ಟವೆಲಿನಿಂದ ಬಾಯಿ ಒರೆಸಿಕೊಂಡ. ಮಾರುತೇಶ ಹೆಸರುಗಳ ಪುಟ ತೆರೆದು ಒಂದೊಂದೇ ತುಂಬಿದ. ಓಬಳೇಶ, ಸಂಪಾದಕ. ಸ್ವಪ್ನ, ಸಂಪಾದಕ. ಇಬ್ಬರಿಗೂ ಪ್ರಕಟಿಸಲು ಬೇರೆ ಯಾರ ಒಪ್ಪಿಗೆಯೂ ಬೇಡ. ಹನುಮಣ್ಣ, ಕೊಡುಗೆದಾರ. ಬರೆಯಬಹುದು, ಪ್ರಕಟಿಸಲಾಗದು. ಹನುಮಣ್ಣ ಅದನ್ನು ಓದಿಸಿಕೊಂಡು, ಕೊಡುಗೆದಾರ ಅಂದ್ರೆ ಕೊಡೋನಪ್ಪಾ, ಆಗ್ಲಿ, ಟೀ ನಾನೇ ಕೊಡಿಸ್ತೀನಿ ಬಾ ಎಂದು ಮಾರುತೇಶನನ್ನು ಕರೆದುಕೊಂಡು ಕೆಳಗೆ ಹೋದ. ಸ್ವಪ್ನ ಗಂಡನ ಮಧ್ಯಾಹ್ನದ ಮಾತ್ರೆ ತರಲು ಎದುರಿನ ಔಷಧಿ ಅಂಗಡಿಗೆ ಹೊರಟಳು. ಬಾಗಿಲಲ್ಲಿ ತಿರುಗಿ, “ಈಗ ಬಂದೆ. ಏಳಬ್ಯಾಡ್ರಿ” ಎಂದಳು.

ಲ್ಯಾಪ್‌ಟಾಪು ತೆರೆದೇ ಇತ್ತು. ಪರದೆಯಲ್ಲಿ ಮಾರುತೇಶ ಬಿಟ್ಟುಹೋದ ಹೆಸರುಗಳ ಪುಟ. ಓಬಳೇಶ ಮೊದಲು ಅದನ್ನು ಚಿತ್ರ ನೋಡುವಂತೆ ನೋಡಿದ. ಆಮೇಲೆ ತನ್ನ ಹೆಸರನ್ನು ಹುಡುಕಿದ. ಕನ್ನಡದ ಅಕ್ಷರಗಳು ಇರುವೆಗಳಾಗಿ ಹರಿದುಹೋಗಲಿಲ್ಲ. ಬಾಗಿಲಲ್ಲಿ ನಿಂತ ನೆಂಟರಂತೆ ಒಬ್ಬೊಬ್ಬರಾಗಿ ಒಳಗೆ ಬಂದರು. ಓ. ಬ. ಳೇ. ಅದರ ಮೇಲೆ ಬಾಣ ಇಟ್ಟು ಒತ್ತಿದಾಗ ಅಧಿಕಾರಗಳು ಒಂದರ ಕೆಳಗೊಂದು ಇಳಿದವು. ಸಂಪಾದಕ ಎನ್ನುವುದನ್ನು ಅವನು ಓದಲೇ ಬೇಕಿರಲಿಲ್ಲ. ಅದರ ಕೆಳಗಿನದು ಲೇಖಕ. ಲೇಖಕನಿಗೂ ಪ್ರಕಟಿಸುವ ಹಕ್ಕಿದೆ ಎಂದು ಮಾರುತೇಶ ಹೇಳಿದ್ದು ನೆನಪಿತ್ತು, ಅದಲ್ಲ. ಅದರ ಕೆಳಗೆ ಕ, ಒತ್ವ ಇದ್ದ ಕ. ಕೊ. ಡು. ಬಾಣ ಜಾರಿತು, ಇಡೀ ಸಾಲು ಮಡಚಿಕೊಂಡಿತು. ಕೆಳಗೆ ಯಾರೋ ಚೀಲ ಎಸೆದ ಸದ್ದಾಯಿತು. ಮತ್ತೆ ಮೊದಲಿನಿಂದ ಶುರು ಮಾಡಿದ. ಓ. ಬ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು, ಒರೆಸಿಕೊಂಡರೆ ಕೈ ತೆಗೆಯಬೇಕು, ತೆಗೆಯಲಿಲ್ಲ. ಕೊಡುಗೆದಾರ. ಒತ್ತಿದ. ಬಲಗಡೆಗೆ ಇರಬೇಕಾದ ಉಳಿಸುವ ಗುಂಡಿ ಅವನಿಗೆ ಕಾಣಲಿಲ್ಲ. ಕತ್ತನ್ನು, ಕತ್ತಿನ ಜೊತೆ ಇಡೀ ಮೈಯನ್ನು ಬಲಕ್ಕೆ ತಿರುಗಿಸಿ ಹುಡುಕಿ, ಅದರ ಅಕ್ಷರಗಳನ್ನೂ ಒಂದೊಂದಾಗಿ ಓದಿ, ಅದೇ ಹೌದು ಎಂದು ಎರಡನೇ ಸಲ ಓದಿ ನೋಡಿ, ಒತ್ತಿದ. ಪರದೆ ಒಮ್ಮೆ ಮಿಟುಕಿತು. ಓಬಳೇಶ, ಕೊಡುಗೆದಾರ. ಅವನು ಹಿಂದಕ್ಕೆ ಒರಗಿದ. ಲಕ್ವ ಹೊಡೆದ ದಿನದಿಂದ ಇವತ್ತಿನ ತನಕ ಅವನು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಈಗ ಎರಡೂ ಒಂದಾಗಿದ್ದವು. ಅಳು ಬಂತು, ಅದು ಸಂತೋಷದ್ದೇ.

ಮೊದಲು ಬಂದವನು ಮಾರುತೇಶ. ಟೀ ಲೋಟ ಮೇಜಿನ ಮೇಲಿಟ್ಟು ಪರದೆಗೆ ಬಗ್ಗಿದವನು, “ಅಕ್ಕ, ಅಣ್ಣಾರು ಏನೋ ಒತ್ತಿಬಿಟ್ಟವ್ರೆ” ಎಂದು ಹಿಂದೆಯೇ ಮೆಟ್ಟಿಲು ಹತ್ತುತ್ತಿದ್ದ ಸ್ವಪ್ನಳಿಗೆ ಹೇಳಿದ. ಹನುಮಣ್ಣ ಇಣುಕಿ ನೋಡಿ, ಬೆರಳು ಜಾರಿರ್ತೈತೆ ಬಿಡು ಎಂದ. ಅವನ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ಮರುಕವಿತ್ತು. ಸ್ವಪ್ನ ಮಾತ್ರೆಯ ಪೊಟ್ಟಣ ಕೈಯಲ್ಲೇ ಹಿಡಿದು ಬಂದು ಗಂಡನ ಒದ್ದೆ ಕೆನ್ನೆ ನೋಡಿದಳು. ತಪ್ಪು ಮಾಡಿದೆನೆಂದು ಅಳುತ್ತಿದ್ದಾನೆ ಎಂದುಕೊಂಡಳು. ಸೆರಗಿನಿಂದ ಒರೆಸುತ್ತ, “ಅದಕ್ಯಾಕೆ ಅಳ್ತೀರಿ? ಸರಿ ಮಾಡಿದರಾಯ್ತು” ಎಂದಳು.

ಒಂದೇ ಮಾತು ಬೇಕಿತ್ತು, ಬೇಡ. ಎರಡಕ್ಷರ. ಓಬಳೇಶ ಅದನ್ನು ಒಳಗೆ ಹಿಡಿದು ನಿಲ್ಲಿಸಿಕೊಂಡ, ಅತ್ತಿತ್ತ ಅಲುಗದಂತೆ ಗಟ್ಟಿ ಮಾಡಿಕೊಂಡ, ತುಟಿ ಸೇರಿಸಿದ. “ಬೇಕು” ಎಂದು ಬಂತು. ಅವನು ತಲೆಯನ್ನು ಅಡ್ಡಕ್ಕೆ ಆಡಿಸಿದ. “ಬೇಕು” ಎಂದು ಇನ್ನೊಮ್ಮೆ ಬಂತು, ಇನ್ನೂ ಗಟ್ಟಿಯಾಗಿ, ಇನ್ನೂ ಸ್ಪಷ್ಟವಾಗಿ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ತೊಡರಿಲ್ಲದೆ ಬಂದ ಮಾತು ಅದು. ತಲೆಯನ್ನು ಯಾರೂ ನೋಡಲಿಲ್ಲ.

“ಕೇಳಿದ್ಯಾ ಹನುಮಣ್ಣ,” ಸ್ವಪ್ನ ಅಂದಳು. “ಬೇಕಂತೆ.”

ಮಾರುತೇಶ ಸರಿ ಮಾಡಿದ. ಅವನಿಗೆ ಒಂದು ಕ್ಷಣದ ಕೆಲಸ. ಆಮೇಲೆ ಸ್ವಪ್ನ, ಹೊಸ ತಾಣದ ಮೊದಲ ಸುದ್ದಿ ಇವರೇ ಹಾಕಲಿ ಎಂದಳು. ಹನುಮಣ್ಣ ಶನಿವಾರದ ಶೇಂಗಾ ಧಾರಣೆ ಹೇಳಿದ, ಮಾರುತೇಶ ಬರೆದ. ಅವಳು ಕುರ್ಚಿಯ ಹಿಂದೆ ನಿಂತು, ಗಂಡನ ಹೆಗಲ ಮೇಲಿಂದ ಬಾಗಿ, ಅವನ ಬಲಗೈಯನ್ನೇ ಎತ್ತಿಕೊಂಡಳು, ಬರೆಯುತ್ತಿದ್ದ ಕೈಯಿಂದಲೇ ಆಗಲಿ ಎಂದು. ಪರದೆಯಲ್ಲಿ ಪ್ರಕಟಿಸಿ ಎನ್ನುವ ಗುಂಡಿ ನೀಲಿಯಾಗಿ ಕಾದಿತ್ತು. ಕೈ ಅದರ ಹತ್ತಿರ ಬಂದಾಗ ಓಬಳೇಶ ತನ್ನಲ್ಲಿದ್ದ ಬಲವನ್ನೆಲ್ಲ ಕೂಡಿಸಿ ಬೆರಳುಗಳನ್ನು ಒಳಕ್ಕೆ ಎಳೆದುಕೊಂಡ. ಒಂದು ವರ್ಷದಿಂದ ಹೇಳಿದ ಮಾತು ಕೇಳದ ಬೆರಳುಗಳು ಕೇಳಿದವು, ಮುಷ್ಟಿ ಬಿಗಿಯಿತು. ಸ್ವಪ್ನ ಅದನ್ನು ಕಾಯಿಲೆಯ ಬಿಗಿತ ಅಂದುಕೊಂಡಳು. ಆಸ್ಪತ್ರೆಯಲ್ಲಿ ಕಲಿಸಿಕೊಟ್ಟಿದ್ದ ಹಾಗೆ ಹೆಬ್ಬೆರಳಿನಿಂದ ಶುರು ಮಾಡಿ, ನೋಯದಂತೆ, ಅವಸರ ಮಾಡದೆ, ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು.